ಹಬ್ಬ, ಮದುವೆ, ಅಪಶಕುನ: ಇಂಗ್ಲಿಷ್ ಪಾಠದೊಳಗೆ ಬಂದ ದಾರಿ

ಇಂಗ್ಲಿಷ್ ಕಲಿಸಲೆಂದು ಬರೆದ ಪುಸ್ತಕಗಳನ್ನು ತಿರುವಿದರೆ ಎಲ್ಲೋ ಒಂದು ಕಡೆ ಹಬ್ಬದ ಪಾಠ, ಮದುವೆಯ ಪಾಠ, ಶಕುನ-ಅಪಶಕುನದ ಪಾಠ ಸಿಕ್ಕೇ ಸಿಗುತ್ತದೆ. ಮಕ್ಕಳಿಗೆ ಬೇಸರ ಬರದಿರಲಿ ಎಂದು ನಡುವೆ ತುರುಕಿದ ಪುಟ ಎನ್ನಿಸಬಹುದು. ಆದರೆ ವ್ಯಾಕರಣ ಕಲಿಸುವವರಿಗೆ ಇಷ್ಟು ಅನುಕೂಲದ ಸಾಮಗ್ರಿ ಬೇರೆ ಇಲ್ಲ. ವರ್ಷವರ್ಷವೂ ಬರುವ ಹಬ್ಬವನ್ನು ವರ್ಣಿಸಲು ಸಾಮಾನ್ಯ ವರ್ತಮಾನಕಾಲ ಬೇಕೇ ಬೇಕು. ಮದುವೆಯಲ್ಲಿ ಒಂದಾದ ಮೇಲೊಂದು ಶಾಸ್ತ್ರ; ಯಾರು ಮಾಡಿದರು ಎನ್ನುವುದಕ್ಕಿಂತ ಏನು ನಡೆಯಿತು ಎನ್ನುವುದೇ ಮುಖ್ಯವಾದ್ದರಿಂದ ಕರ್ಮಣಿ ಪ್ರಯೋಗ ತಾನಾಗಿಯೇ ನುಗ್ಗುತ್ತದೆ. 'ಅರಿಶಿನ ಹಚ್ಚಲ್ಪಡುತ್ತದೆ' ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ, ಇಂಗ್ಲಿಷಿನಲ್ಲಿ ಹೇಳುವ ಬಗೆಯೇ ಅದು.

ಮೂಢನಂಬಿಕೆಯಂತೂ ಪೂರ್ತಿ 'ಇಫ್' ವಾಕ್ಯಗಳದ್ದೇ ರಾಜ್ಯ. ಕನ್ನಡಿ ಒಡೆದರೆ ಏಳು ವರ್ಷ ಕಷ್ಟ, ಏಣಿಯ ಕೆಳಗೆ ನುಸುಳಿದರೆ ಕೇಡು ಎಂದು ಇಂಗ್ಲಿಷಿನವರು ಹೇಳುತ್ತಾರೆ. ನಮ್ಮ ಹುಡುಗನ ತಲೆಯಲ್ಲಿ ಅಂಥವು ಆಗಲೇ ಡಜನ್‌ಗಟ್ಟಲೆ ಇವೆ: ಬೆಕ್ಕು ಅಡ್ಡ ಬಂದರೆ, ಹೊರಡುವಾಗ ಒಂಟಿ ಸೀನು ಬಿದ್ದರೆ, ಹಲ್ಲಿ ಲೊಚಗುಟ್ಟಿದರೆ. ವಿಷಯ ಅವನ ಹತ್ತಿರವೇ ಇದೆ, ಕಲಿಯಬೇಕಾದ್ದು ವಾಕ್ಯದ ಕಟ್ಟು ಮಾತ್ರ.

ಇಷ್ಟು ಸರಳವಾದ ಸಂಗತಿ ಪಾಠದೊಳಗೆ ಬರಲು ಬಹಳ ಕಾಲ ಹಿಡಿಯಿತು. ಮೆಕಾಲೆ 1835ರಲ್ಲಿ ಭಾರತದ ಶಿಕ್ಷಣದ ಬಗ್ಗೆ ತಮ್ಮ ಟಿಪ್ಪಣಿ ಬರೆದ ಕಾಲಕ್ಕೆ ಇಂಗ್ಲಿಷ್ ಕಲಿಯುವುದೆಂದರೆ ಇಂಗ್ಲಿಷ್ ಸಾಹಿತ್ಯ ಓದುವುದು. ಸಂಸ್ಕೃತಿ ಎಂದರೆ ಷೇಕ್ಸ್‌ಪಿಯರ್, ಮಿಲ್ಟನ್. ಇಂಗ್ಲೆಂಡಿನ ಜನ ಮದುವೆಯಲ್ಲಿ ಏನು ಮಾಡುತ್ತಾರೆ ಎಂಬುದಲ್ಲ. ಢಾಕಾದಲ್ಲಿ ಶಿಕ್ಷಕರ ತರಬೇತಿ ನಡೆಸುತ್ತಿದ್ದ ಮೈಕೆಲ್ ವೆಸ್ಟ್ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಬಗ್ಗೆ ಪುಸ್ತಕ ಬರೆದು, ಶಾಲೆ ಅರ್ಧಕ್ಕೇ ಬಿಡುವ ಮಕ್ಕಳಿಗೆ ಓದಿ ತಿಳಿಯುವಷ್ಟಾದರೂ ಇಂಗ್ಲಿಷ್ ಸಿಗಲಿ ಎಂದು ವಾದಿಸಿದರು. ಕಲಿಯುವವನ ಕಡೆಯಿಂದ ಯೋಚಿಸುವ ಅಭ್ಯಾಸ ನಮ್ಮ ಉಪಖಂಡದಲ್ಲಿ ಅಲ್ಲಿಂದ ಕಾಣುತ್ತದೆ. ಆದರೂ ಅವರ ಗಮನ ಶಬ್ದಗಳ ಮೇಲಿತ್ತು, ಆಚಾರಗಳ ಮೇಲಲ್ಲ.

ಆಚಾರವನ್ನು ಭಾಷಾಪಾಠದ ಒಳಗೆ ಕರೆತಂದವರು ಅಮೆರಿಕದ ರಾಬರ್ಟ್ ಲಾಡೊ. ಸ್ಪೇನಿನಿಂದ ವಲಸೆ ಬಂದ ತಂದೆತಾಯಿಗೆ ಫ್ಲಾರಿಡಾದಲ್ಲಿ ಹುಟ್ಟಿ, ಸ್ಪೇನಿನಲ್ಲಿ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಇಂಗ್ಲಿಷ್ ಕಲಿತವರು ಅವರು. 1957ರ 'ಲಿಂಗ್ವಿಸ್ಟಿಕ್ಸ್ ಅಕ್ರಾಸ್ ಕಲ್ಚರ್ಸ್' ಪುಸ್ತಕದಲ್ಲಿ ಎರಡು ಭಾಷೆಗಳ ಧ್ವನಿ, ವ್ಯಾಕರಣಗಳನ್ನು ಹೋಲಿಸಿದ ಬಳಿಕ ಎರಡು ಸಂಸ್ಕೃತಿಗಳನ್ನೂ ಹಾಗೆಯೇ ಹೋಲಿಸಬಹುದು ಎಂದರು. ಒಂದು ಆಚರಣೆಯಲ್ಲಿ ಮೂರು ಸಂಗತಿ ನೋಡಬೇಕು: ಅದರ ರೂಪ, ಅದರ ಅರ್ಥ, ಅದು ಎಲ್ಲಿ ಯಾವಾಗ ನಡೆಯುತ್ತದೆ ಎಂಬುದು. ಅವರು ಕೊಟ್ಟ ಉದಾಹರಣೆ ಗೂಳಿಕಾಳಗ. ಸ್ಪೇನಿನವನಿಗೆ ಅದು ಪಶುಬಲದ ಮೇಲೆ ಕಲೆ ಸಾಧಿಸುವ ಗೆಲುವು. ಪಕ್ಕದಲ್ಲೇ ಕೂತ ಅಮೆರಿಕದವನಿಗೆ ಮೂಕಪ್ರಾಣಿಯ ಹಿಂಸೆ. ಕಣ್ಣಿಗೆ ಬಿದ್ದದ್ದು ಒಂದೇ, ತಿಳಿದದ್ದು ಬೇರೆ ಬೇರೆ. ಕಂಬಳದ ಜಗಳ ಕೋರ್ಟು ಹತ್ತಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಡೊ ಅವರ ಭಾಷಾ ಹೋಲಿಕೆಯ ಪದ್ಧತಿ ಮುಂದೆ ಬಹಳ ಟೀಕೆಗೆ ಒಳಗಾಯಿತು. ಸಂಸ್ಕೃತಿಗಳನ್ನು ಹೋಲಿಸುವ ಈ ಕೊನೆಯ ಅಧ್ಯಾಯ ಮಾತ್ರ ಇವತ್ತಿಗೂ ಹಳಸಿಲ್ಲ ಎಂದೇ ನನ್ನ ಅಭಿಪ್ರಾಯ.

ಆ ಪುಸ್ತಕದ ಹಿಂದೆಯೇ ಪಾಠದ ಸಲಕರಣೆಗಳು ಬಂದವು. 1961ರಲ್ಲಿ ಟೇಲರ್ ಮತ್ತು ಸೊರೆನ್ಸನ್ 'ಕಲ್ಚರ್ ಕ್ಯಾಪ್ಸೂಲ್' ಎಂಬುದನ್ನು ಪರಿಚಯಿಸಿದರು: ಒಂದೇ ಒಂದು ಪದ್ಧತಿಯ ಬಗ್ಗೆ ಕೆಲವೇ ನಿಮಿಷದ ವಿವರಣೆ, ಒಂದೆರಡು ಚಿತ್ರ, ಕೊನೆಗೆ ನಾಲ್ಕು ಪ್ರಶ್ನೆ. ಹೆಸರೇ ಹೇಳುವಂತೆ ನುಂಗಿಸುವ ಗುಳಿಗೆ. ಇಂದಿಗೂ ಪಠ್ಯಪುಸ್ತಕದ ಅಂಚಿನ ಚೌಕದಲ್ಲಿ 'ನಿಮಗೆ ಗೊತ್ತೇ?' ಎಂದು ಕೂತಿರುವುದು ಅದೇ.

ಮೂಢನಂಬಿಕೆಯ ಪಾಠಕ್ಕೆ ನಿಜವಾದ ಬುದ್ಧಿ ಕೊಟ್ಟದ್ದು ಭಾಷಾ ಶಿಕ್ಷಕರಲ್ಲ, ಒಬ್ಬ ಮಾನವಶಾಸ್ತ್ರಜ್ಞ. ಹೊರೇಸ್ ಮೈನರ್ 1956ರಲ್ಲಿ 'ನಾಸಿರೆಮಾ' ಎಂಬ ಬುಡಕಟ್ಟಿನ ದೇಹಸಂಸ್ಕಾರಗಳ ಬಗ್ಗೆ ಗಂಭೀರ ಪ್ರಬಂಧ ಬರೆದರು. ಪ್ರತಿ ಮನೆಯಲ್ಲೂ ಒಂದು ಗುಡಿ, ಗೋಡೆಯಲ್ಲಿ ಮಂತ್ರದ ಮದ್ದುಗಳ ಪೆಟ್ಟಿಗೆ, ದಿನವೂ ಬಾಯಿಗೆ ಸಂಬಂಧಿಸಿದ ವಿಚಿತ್ರ ವಿಧಿ. ಬುಡಕಟ್ಟಿನ ಹೆಸರನ್ನು ಹಿಂದುಮುಂದಾಗಿ ಓದಿದರೆ 'ಅಮೆರಿಕನ್' ಆಗುತ್ತದೆ; ಆ ಗುಡಿ ಬಚ್ಚಲುಮನೆ, ಆ ವಿಧಿ ಹಲ್ಲುಜ್ಜುವುದು. ಇಂಗ್ಲಿಷ್ ತರಗತಿಗಳಿಗೂ ಆ ಪ್ರಬಂಧ ಹೊಕ್ಕಿತು. ಅದನ್ನು ಓದಿದ ವಿದ್ಯಾರ್ಥಿ ಇನ್ನೊಬ್ಬರ ನಂಬಿಕೆಯನ್ನು ನೋಡಿ ನಗುವ ಮುಂಚೆ ತುಸು ತಡೆಯುತ್ತಾನೆ.

1970ರ ದಶಕದಲ್ಲಿ ಗಾಳಿ ತಿರುಗಿತು. ಭಾಷಾಶಾಸ್ತ್ರಜ್ಞ ಡೆಲ್ ಹೈಮ್ಸ್ ಸಂವಹನ ಸಾಮರ್ಥ್ಯದ, ಅಂದರೆ ಸಂದರ್ಭಕ್ಕೆ ತಕ್ಕಂತೆ ಮಾತಾಡಬಲ್ಲ ಶಕ್ತಿಯ, ಮಾತು ಎತ್ತಿದರು; 1975ರಲ್ಲಿ ದಿನಬಳಕೆಗೆ ಬೇಕಾದಷ್ಟು ಭಾಷೆಯನ್ನು ಪಟ್ಟಿಮಾಡಿದ ಯುರೋಪ್ ಮಂಡಳಿಯ 'ಥ್ರೆಷೋಲ್ಡ್ ಲೆವೆಲ್' ಬಂತು. ಅಂಗಡಿಯಲ್ಲಿ ಕೇಳುವುದು, ಕ್ಷಮೆ ಕೋರುವುದು, ಊಟಕ್ಕೆ ಕರೆಯುವುದು ಮುಂದೆ ಬಂದು ಹಬ್ಬ-ಮದುವೆ ಹಿಂದೆ ಸರಿದವು. ಮತ್ತೆ ಅವನ್ನು ಎಳೆತಂದದ್ದು ಜಗತ್ತಿನಾದ್ಯಂತ ಮಾರಾಟವಾಗುವ ಪಠ್ಯಪುಸ್ತಕಗಳ ವ್ಯಾಪಾರ; ಯಾವ ದೇಶದಲ್ಲೂ ಯಾರನ್ನೂ ನೋಯಿಸದ ವಿಷಯ ಅದಕ್ಕೆ ಬೇಕಿತ್ತು. ರಾಜಕೀಯ, ಮದ್ಯ, ಧರ್ಮ, ಲೈಂಗಿಕತೆ, ಮಾದಕವಸ್ತು, ಸಿದ್ಧಾಂತ, ಹಂದಿಮಾಂಸ ಇವನ್ನು ಮುಟ್ಟಬಾರದೆಂಬ ಅಲಿಖಿತ ನಿಯಮ ಪ್ರಕಾಶಕರಲ್ಲಿ ಬೆಳೆಯಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಪಾರ್ಸ್ನಿಪ್' ಎಂದು ಕರೆಯುತ್ತಾರೆ. ಧರ್ಮ ತೆಗೆದ ಮೇಲೆ ಮದುವೆಯಲ್ಲಿ ಉಳಿಯುವುದು ಉಡುಪು ಮತ್ತು ಕೇಕು. ಹಬ್ಬದಲ್ಲಿ ಉಳಿಯುವುದು ದೀಪ ಮತ್ತು ಸಿಹಿ.

ಉಳಿದದ್ದನ್ನೂ ಅನಾದಿಕಾಲದ್ದು ಎಂಬಂತೆ ಬರೆಯುವ ಚಾಳಿ ಬೇರೆ. ಬಿಳಿ ಗೌನಿನ ವಧುವನ್ನೇ ನೋಡಿ. ಆ ಉಡುಪು ಜನಪ್ರಿಯವಾದದ್ದು 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ತೊಟ್ಟು ಮದುವೆಯಾದ ಮೇಲೆ. ಹದಿಮೂರನೇ ತಾರೀಖಿನ ಶುಕ್ರವಾರದ ಭಯವಾದರೂ ಪ್ರಾಚೀನವೇ? ಬ್ರಿಟನ್ನಿನ ಮೂಢನಂಬಿಕೆಗಳ ಬಗ್ಗೆ 2003ರಲ್ಲಿ ಕೋಶ ಹೊರತಂದ ಸ್ಟೀವ್ ರೌಡ್, ಅದಕ್ಕೆ ಅಷ್ಟು ಹಳೆಯ ಆಧಾರ ಇಲ್ಲ ಎನ್ನುತ್ತಾರೆ. ಕರಿಬೆಕ್ಕು ಅಡ್ಡ ಬಂದರೆ ಅಮೆರಿಕದಲ್ಲಿ ಅಪಶಕುನ, ಬ್ರಿಟನ್ನಿನಲ್ಲಿ ಹಲವರಿಗೆ ಅದೃಷ್ಟ. 'ಇಂಗ್ಲಿಷರ ನಂಬಿಕೆ' ಎಂದು ಒಂದೇ ಗಂಟು ಕಟ್ಟಿ ಕೊಟ್ಟ ಪಾಠ ಇಲ್ಲೇ ಬಿಚ್ಚಿಹೋಗುತ್ತದೆ.

ಪಠ್ಯಪುಸ್ತಕಗಳು ಹೀಗಿದ್ದಾಗಲೇ ಚಿಂತನೆ ಬೇರೆ ಕಡೆ ಹೊರಟಿತ್ತು. ಕಲಿಯುವವನು ತನ್ನದೂ ಅಲ್ಲದ, ಆ ಭಾಷೆಯವರದೂ ಅಲ್ಲದ ಮೂರನೆಯ ಜಾಗದಲ್ಲಿ ನಿಲ್ಲುತ್ತಾನೆ ಎಂದರು 1993ರಲ್ಲಿ ಭಾಷಾ ಶಿಕ್ಷಣದ ವಿದ್ವಾಂಸೆ ಕ್ಲೇರ್ ಕ್ರಾಮ್ಷ್. ಡರಾಮ್ ವಿಶ್ವವಿದ್ಯಾಲಯದ ಮೈಕೆಲ್ ಬೈರಮ್ 1997ರಲ್ಲಿ, ಸ್ಥಳೀಕನಂತೆ ಆಗುವುದು ಗುರಿಯಲ್ಲ, ಎರಡು ಕಡೆಯವರ ನಡುವೆ ಮಾತು ಬೆಸೆಯುವುದು ಗುರಿ ಎಂದರು. 2001ರಲ್ಲಿ ಅವರೂ ಸಹೋದ್ಯೋಗಿಗಳೂ ವರ್ಣಿಸಿದ ಯೋಜನೆಯೊಂದರಲ್ಲಿ, ಇಂಗ್ಲೆಂಡಿನ ಭಾಷಾ ವಿದ್ಯಾರ್ಥಿಗಳು ಪರದೇಶಕ್ಕೆ ಹೋಗುವ ಮುನ್ನ ತಮ್ಮ ಸುತ್ತಲಿನ ಬದುಕನ್ನೇ ಮಾನವಶಾಸ್ತ್ರಜ್ಞರಂತೆ ಗಮನಿಸಿ ಬರೆಯಬೇಕಿತ್ತು. ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ವಿವೇಕದ ಕೆಲಸ ಅದು.

ನಮ್ಮಲ್ಲಿ ಸುತ್ತಲಿನ ಬದುಕನ್ನು ಇಂಗ್ಲಿಷಿನಲ್ಲಿ ವರ್ಣಿಸುವ ಈ ಕೆಲಸ ಮೊದಲು ಆದದ್ದು ತರಗತಿಯಲ್ಲಲ್ಲ, ಕಾದಂಬರಿಯಲ್ಲಿ. ಹಾಸನದ ರಾಜಾರಾವ್ 1938ರ 'ಕಾಂತಾಪುರ'ದಲ್ಲಿ ಕೆಂಚಮ್ಮನ ಮಹಿಮೆ, ಹರಿಕಥೆ, ಊರ ಹಬ್ಬಗಳನ್ನು ಒಬ್ಬ ಅಜ್ಜಿಯ ಉಸಿರುಬಿಡದ ಮಾತಿನ ಧಾಟಿಯಲ್ಲಿ ಇಂಗ್ಲಿಷಿಗೆ ಇಳಿಸಿದ್ದರು. ಭಾಷೆ ಕಲಿಸುವ ತರಗತಿ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಅದರ ನೆರವಿನಿಂದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ 'ಬೆಂಗಳೂರು ಯೋಜನೆ' ಎಂದು ಲೋಕಪ್ರಸಿದ್ಧವಾಯಿತು. ವ್ಯಾಕರಣ ಬದಿಗಿಟ್ಟು ಮಕ್ಕಳಿಗೆ ಲೆಕ್ಕಹಾಕುವ ಕೆಲಸ ಕೊಡುತ್ತಿದ್ದರು: ರೈಲಿನ ವೇಳಾಪಟ್ಟಿ, ನಕ್ಷೆ. ಹಬ್ಬಕ್ಕೆ ಅಲ್ಲಿ ಜಾಗವಿರಲಿಲ್ಲ. ಆದರೆ ಅವರು ಗುರುತಿಸಿದ ಒಂದು ಬಗೆಯ ಕೆಲಸದ ತತ್ವ ಹಬ್ಬದ ಪಾಠಕ್ಕೇ ಹೆಚ್ಚು ಬೇಕಾದದ್ದು: ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಾಗ ಮಾತು ಹುಟ್ಟುತ್ತದೆ. ಪ್ರಭು ಅವರಿಗೇ ಈ 'ಮಾಹಿತಿಯ ಕಂದಕ'ಕ್ಕಿಂತ, ಗೊತ್ತಿದ್ದರಿಂದ ಗೊತ್ತಿಲ್ಲದ್ದನ್ನು ಯೋಚಿಸಿ ಕಂಡುಕೊಳ್ಳುವ 'ತರ್ಕದ ಕಂದಕ'ದ ಮೇಲೆ ಹೆಚ್ಚು ಒಲವಿತ್ತು, ಅದು ಬೇರೆ ಮಾತು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಈಗ ಪುಸ್ತಕದಲ್ಲಿ ನಮ್ಮವೇ ಹಬ್ಬಗಳಿವೆ. ಆದರೂ ದೀಪಾವಳಿ ಪ್ರಬಂಧ ಗೈಡಿನಿಂದ ಬಾಯಿಪಾಠ. ಹೋದ ವಾರ ಅದೇ ದೀಪಾವಳಿ ಮಾಡಿದ ಮೇಷ್ಟ್ರಿಗೆ ಅದನ್ನೇ ವರ್ಣಿಸು ಎಂದರೆ ಮಗು ಇನ್ನೇನು ಮಾಡೀತು? ಗೊತ್ತಿಲ್ಲದವರಿಗೆ ಹೇಳುವುದಾದರೆ ಕತೆ ಬೇರೆ. ಬೆಂಗಳೂರಿನ ಒಂದೇ ಬೆಂಚಿನಲ್ಲಿ ಬೀದರಿನಿಂದ ಬಂದವನೂ ಕೊಡಗಿನವಳೂ ಕೂತಿರಬಹುದು. ಅವಳಿಗೆ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಉಣ್ಣುವ ಸಜ್ಜೆ ರೊಟ್ಟಿ, ಭಜ್ಜಿ ಗೊತ್ತಿಲ್ಲ. ಅವನಿಗೆ ಕೊಡಗಿನ ಹುತ್ತರಿ ಹಬ್ಬ ಗೊತ್ತಿಲ್ಲ. ಕೊಡವರ ಮದುವೆಗೆ ಪುರೋಹಿತರೇ ಬೇಕಿಲ್ಲ ಎಂದರೆ ನಂಬುವುದೂ ಕಷ್ಟ. ಮದುವೆಯಲ್ಲಿ ಬಾಳೆದಿಂಡು ಯಾಕೆ ಕಡಿಯುತ್ತಾರೆ, ಕಡಿಯುವವರು ಯಾರು, ತಾಳಿ ಯಾವಾಗ ಎಂದು ಅವನು ಕೇಳಲೇಬೇಕಾಗುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಯಾವ ಗೈಡಿನಲ್ಲೂ ಅಚ್ಚಾಗಿಲ್ಲ. ಅವಳೇ ತನಗೆ ಬರುವ ಇಂಗ್ಲಿಷಿನಲ್ಲಿ ತಡವರಿಸಿಕೊಂಡು ಹೇಳಬೇಕು, ಅವನು ಅರ್ಥವಾಗದಿದ್ದರೆ ಮತ್ತೆ ಕೇಳಬೇಕು.