ಹವಳದ ಬೆಳವಣಿಗೆ: ಅಳತೆ ಮತ್ತು ದೋಷಮಿತಿ

ಮುರ್ಡೇಶ್ವರದಾಚೆ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಸಮುದ್ರದ ನೀರಿನಿಂದಲೇ ಸುಣ್ಣವನ್ನು ಪಡೆದು ಅಸ್ಥಿಪಂಜರ ಕಟ್ಟಿಕೊಳ್ಳುವ ಜೀವಿ ಇದು. ಬಂಡೆಯಾಕಾರದ ಪೊರೈಟಿಸ್ ಜಾತಿಯಲ್ಲಿ ವರ್ಷಕ್ಕೊಂದು ದಟ್ಟ ಪಟ್ಟಿ, ಒಂದು ವಿರಳ ಪಟ್ಟಿ ಮೂಡುತ್ತವೆ. ಪೆಸಿಫಿಕ್‌ನ ಎನಿವೆಟಾಕ್‌ನಲ್ಲಿ ಅಣುಬಾಂಬ್ ಪರೀಕ್ಷೆಗಳು ಹವಳದೊಳಗೆ ಉಳಿಸಿದ್ದ ವಿಕಿರಣದ ಗುರುತುಗಳೊಡನೆ ಹೋಲಿಸಿ, ಈ ಪಟ್ಟಿಗಳು ವಾರ್ಷಿಕವೆಂದು 1972ರಲ್ಲಿ ತೋರಿಸಲಾಯಿತು.

ಒಂದು ಜೋಡಿ ಪಟ್ಟಿಯ ಅಗಲವೇ ಆ ವರ್ಷದ ಬೆಳವಣಿಗೆ. ಅದನ್ನು ಸಾಂದ್ರತೆಯಿಂದ ಗುಣಿಸಿದರೆ ಸಂಚಯವಾದ ಸುಣ್ಣದ ಪ್ರಮಾಣ ದೊರೆಯುತ್ತದೆ. ಸಾಂದ್ರತೆ ತಿಳಿಯಲು ಹವಳದ ತೆಳು ಹಲಗೆಯನ್ನೂ ದಪ್ಪ ಗೊತ್ತಿರುವ, ಮೆಟ್ಟಿಲಾಕಾರದ ಅಲ್ಯೂಮಿನಿಯಂ ತುಂಡನ್ನೂ ಒಟ್ಟಿಗಿಟ್ಟು ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ.

ತೊಡಕು ಇಲ್ಲಿಯೇ. ಹಲಗೆಯ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ. ಕಿರಣದ ತೀವ್ರತೆಯೂ ಚಿತ್ರದುದ್ದಕ್ಕೂ ಸಮನಲ್ಲ. ಓರೆಯಾಗಿ ಕೊಯ್ದರೆ ಪಟ್ಟಿ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಸಾಂದ್ರತೆಯಲ್ಲಿ ಶೇ. 5, ಅಗಲದಲ್ಲಿ ಶೇ. 5 ದೋಷವಿದ್ದು ಅವು ಪರಸ್ಪರ ಸ್ವತಂತ್ರವಾಗಿದ್ದರೆ ಗುಣಲಬ್ಧದ ದೋಷ ಸುಮಾರು ಶೇ. 7. ಅಂದರೆ ಒಂದೇ ಹವಳದಲ್ಲಿ ಶೇ. 5ರ ಇಳಿಕೆ ಕಂಡರೆ ಅದು ಅಳತೆಯ ದೋಷವೇ ಆಗಿರಬಹುದು.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ 328 ಹವಳಗಳ ಅಧ್ಯಯನವು 1990ರಿಂದೀಚೆಗೆ ಸುಣ್ಣದ ಸಂಚಯ ಶೇ. 14.2ರಷ್ಟು ಕುಸಿದಿದೆಯೆಂದು 2009ರಲ್ಲಿ ವರದಿ ಮಾಡಿತು. ಹೊರಗಿನ ಕೊನೆಯ ಪಟ್ಟಿಗಳ ಅಂಕಿಗಳನ್ನು ಬಳಸಿದ ರೀತಿ 2013ರಲ್ಲಿ ಪ್ರಶ್ನೆಗೊಳಗಾಯಿತು. ಹವಳದ ಸಂಖ್ಯೆ ಹೆಚ್ಚಿದರೆ ಯಾದೃಚ್ಛಿಕ ದೋಷ ತಗ್ಗುತ್ತದೆ, ಒಂದೇ ದಿಕ್ಕಿಗೆ ವಾಲಿದ ದೋಷ ತಗ್ಗುವುದಿಲ್ಲ.

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಧ್ಯಯನಕ್ಕಾದರೂ ಅನುಮತಿಯಿಲ್ಲದೆ ಅವುಗಳನ್ನು ಕೊರೆಯುವಂತಿಲ್ಲ.