ಚಿನ್ನದ ರೇಕಿನಿಂದ ತ್ರಿಕೋನಗಳವರೆಗೆ: ಮಿದುಳಿನ ಮೇಲ್ಮೈ ಅಳೆದ ಕಥೆ

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೀವು ನೋಡಿರಬಹುದು. 1367ರಲ್ಲಿ ಕಟ್ಟಿದ ಈ ಮಸೀದಿಗೆ ತೆರೆದ ಅಂಗಳವಿಲ್ಲ. ಚಾವಣಿಯ ತುಂಬ ಗುಮ್ಮಟಗಳು. ಅದಕ್ಕೆ ಗಾರೆ ಮಾಡಬೇಕಾದರೆ ನೆಲದ ವಿಸ್ತೀರ್ಣದ ಲೆಕ್ಕ ಸಾಲದು. ಗುಮ್ಮಟವನ್ನು ಅರ್ಧಗೋಳವೆಂದುಕೊಂಡರೆ ಅದರ ಮೇಲ್ಮೈ ತಳದ ವೃತ್ತದ ಎರಡರಷ್ಟಾಗುತ್ತದೆ. ಮಿದುಳಿನ ಲೆಕ್ಕ ಇನ್ನೂ ತೊಡಕಿನದು. ಅದರ ಹೊರಪದರವಾದ ಕಾರ್ಟೆಕ್ಸ್ ಕೆಲವೇ ಮಿಲಿಮೀಟರ್ ದಪ್ಪ. ಆದರೆ ಅದರ ಸುಮಾರು ಮೂರನೇ ಎರಡು ಭಾಗ ಮಡಿಕೆಗಳೊಳಗೆ ಅಡಗಿದೆ. ಇದನ್ನು ಅಳೆಯುವುದು ಹೇಗೆ?

ಕಮಲಾಪುರದ ಕೆಂಪು ಬಾಳೆಹಣ್ಣೊಂದನ್ನು ತನ್ನಿ. ಸಿಪ್ಪೆಯನ್ನು ಸುಲಿದು ನಕ್ಷೆ ಕಾಗದದ ಮೇಲೆ ಹರಡಿ, ಅಂಚು ಗುರುತಿಸಿ, ಚೌಕಗಳನ್ನು ಎಣಿಸಿ. 19ನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಬೈಯಾರ್ಜೆ ಅನುಸರಿಸಿದ್ದು ಹೆಚ್ಚುಕಡಿಮೆ ಇದೇ ದಾರಿ. ಮಿದುಳಿನ ಒಳಗಿನ ಶ್ವೇತದ್ರವ್ಯವನ್ನು ತೆಗೆದು, ಆತ ಕಾರ್ಟೆಕ್ಸನ್ನು ಬಿಡಿಸಿ ಹರಡಿದ. ಇನ್ನೊಂದು ಹಣ್ಣನ್ನು ಸುಲಿಯದೆ, ಅದರ ಮೇಲೆ ಒಂದು ಚದರ ಸೆಂಟಿಮೀಟರಿನ ಕಾಗದದ ತುಣುಕುಗಳನ್ನು ಅಂಟಿಸಿ. 1864ರಲ್ಲಿ ಜರ್ಮನಿಯ ಹರ್ಮನ್ ವಾಗ್ನರ್ ಕಾಗದದ ಬದಲು ಚಿನ್ನದ ರೇಕು ಬಳಸಿದ.

ಅವನು ಅಳೆದ ಮಿದುಳುಗಳಲ್ಲಿ ಒಂದು ಗಣಿತಜ್ಞ ಗೌಸ್‌ನದು: ಸುಮಾರು 2,196 ಚದರ ಸೆಂ.ಮೀ. ವೈದ್ಯ ಫುಕ್ಸ್‌ನದು ಸುಮಾರು 2,210. ಗಣಿತಲೋಕದ ರಾಜಕುಮಾರನೆನಿಸಿದವನದು ಹೆಚ್ಚಿರಲಿಲ್ಲ! ಈ ಕಥೆಗೆ ಇನ್ನೊಂದು ತಿರುವೂ ಇದೆ. ಗೊಟಿಂಗೆನ್‌ನಲ್ಲಿ ಇಟ್ಟಿದ್ದ ಇವರಿಬ್ಬರ ಮಿದುಳುಗಳ ಜಾಡಿಗಳು ಅದಲುಬದಲಾಗಿದ್ದುದು 2013ರಲ್ಲಿ, ಎಂಆರ್‌ಐ ಚಿತ್ರಗಳನ್ನು ಹಳೆಯ ಚಿತ್ರಗಳೊಡನೆ ಹೋಲಿಸಿದಾಗ ಬೆಳಕಿಗೆ ಬಂತು.

ಜೀವಂತ ಮಿದುಳಿಗೆ ರೇಕು ಅಂಟಿಸಲಾಗದು. 1999ರಲ್ಲಿ ಡೇಲ್, ಫಿಶ್ಲ್ ಮತ್ತು ಸೆರೆನೊ ಪ್ರಕಟಿಸಿದ ವಿಧಾನದಲ್ಲಿ ಗಣಕವು ಎಂಆರ್‌ಐ ಚಿತ್ರದಲ್ಲಿ ಬೂದುದ್ರವ್ಯ ಮತ್ತು ಶ್ವೇತದ್ರವ್ಯಗಳ ಗಡಿಯನ್ನು ಹುಡುಕಿ, ಅದರ ಮೇಲೆ ಲಕ್ಷಾಂತರ ಪುಟ್ಟ ತ್ರಿಕೋನಗಳ ಬಲೆ ಹೆಣೆಯುತ್ತದೆ. ತ್ರಿಕೋನಗಳ ವಿಸ್ತೀರ್ಣಗಳನ್ನು ಕೂಡಿದರೆ ಉತ್ತರ ಸಿಗುತ್ತದೆ.

ಎಳೆಯ ಮಕ್ಕಳಲ್ಲಿ ಈ ಗಡಿಯೇ ಕೈಕೊಡುತ್ತದೆ. ಸುಮಾರು ಆರು ತಿಂಗಳ ವಯಸ್ಸಿನಲ್ಲಿ ನರತಂತುಗಳಿಗೆ ಮಯಲಿನ್ ಕವಚ ಮೂಡುತ್ತಿರುವುದರಿಂದ ಎರಡು ದ್ರವ್ಯಗಳೂ ಚಿತ್ರದಲ್ಲಿ ಒಂದೇ ಬಣ್ಣವಾಗಿ ಕಾಣುತ್ತವೆ. ಮಗು ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ. ಹಾಲುಣಿಸಿ ಮಲಗಿಸಿ ಚಿತ್ರ ತೆಗೆಯುವುದು ಇದಕ್ಕಾಗಿಯೇ. ಶಿಶುಗಳಿಗೆಂದು ಪ್ರತ್ಯೇಕ ತಂತ್ರಾಂಶಗಳು ಬೇಕಾದವು. ಆದರೆ ಬೆಳವಣಿಗೆ ಅತಿ ವೇಗವಾಗಿರುವುದೂ ಆಗಲೇ: ಮೊದಲ ಎರಡು ವರ್ಷಗಳಲ್ಲಿ ಕಾರ್ಟೆಕ್ಸ್‌ನ ವಿಸ್ತೀರ್ಣ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ವೈದ್ಯರ ಟೇಪು ತಲೆಯ ಸುತ್ತಳತೆಯನ್ನು ಹೇಳುತ್ತದೆ, ಮಡಿಕೆಗಳನ್ನಲ್ಲ.

ಇಂತಹ ಅಧ್ಯಯನಗಳು ಬಹುಪಾಲು ಅಮೆರಿಕ, ಯೂರೋಪುಗಳ ಮಕ್ಕಳದು. ನಿಮ್ಹಾನ್ಸ್ ಮುಂದಾಳತ್ವದ ಸಿ-ವೇದ ಅಧ್ಯಯನವು ಬೆಂಗಳೂರು, ಮೈಸೂರು ಸೇರಿ ದೇಶದ ಹಲವೆಡೆ 6ರಿಂದ 23 ವರ್ಷದವರನ್ನು ಪರೀಕ್ಷಿಸಿ, ಅವರಲ್ಲಿ ಕೆಲವರ ಎಂಆರ್‌ಐ ಚಿತ್ರಗಳನ್ನೂ ಸಂಗ್ರಹಿಸಿತು. ಹಸುಗೂಸುಗಳು ಅದರ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಕಲಬುರಗಿಯ ಕೂಸಿನ ಅಳತೆಯನ್ನು ಹೊರಗಿನ ಸರಾಸರಿಗೆ ಹೋಲಿಸಿ ‘ಕಡಿಮೆ’ ಎನ್ನುವ ಮೊದಲು ಯಂತ್ರ, ತಂತ್ರಾಂಶ, ವಯಸ್ಸು ಇವು ಒಂದೇ ಆಗಿದ್ದವೇ ಎಂದು ಕೇಳಬೇಕು. ಈ ಸಂಖ್ಯೆಯಿಂದ ಒಂದು ಮಗುವಿನ ಜಾಣತನವನ್ನು ಅಳೆಯಲಾಗದು.

ಶಿಕ್ಷಕರೇ, ಒಂದೇ ಹಣ್ಣನ್ನು ಎರಡು ತಂಡಗಳಿಗೆ ಕೊಡಿ. ಒಂದು ತಂಡ ಮೊದಲು ಕಾಗದ ಅಂಟಿಸಿ ಎಣಿಸಲಿ. ಇನ್ನೊಂದು ತಂಡ ಆಮೇಲೆ ಸಿಪ್ಪೆ ಸುಲಿದು ಅಳೆಯಲಿ. ಎರಡು ಉತ್ತರಗಳನ್ನೂ ಕಪ್ಪುಹಲಗೆಯ ಮೇಲೆ ಬರೆಯಿಸಿ, ಪಕ್ಕದಲ್ಲಿ ಅಳೆದ ವಿಧಾನವನ್ನೂ ಬರೆಯಿಸಿ.