ಊರ ಹೊಳೆ, ಪಟ್ಟಣದ ದಾಹ



ಪುಷ್ಯ ಮಾಸದಲ್ಲಿ ಹಳ್ಳಿಕಾರ್ ಎತ್ತುಗಳನ್ನು ಹೊಡೆದುಕೊಂಡು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬರುವ ನಮಗೆ ಬೆಂಗಳೂರು ದೂರದ ಊರೇನಲ್ಲ. ಆ ಪಟ್ಟಣ ಬೆಳೆದುದಕ್ಕೂ ನಮ್ಮ ಹೊಲಕ್ಕೂ ಏನು ನಂಟು ಅಂತೀರಾ? ನೀರಿನ ನಂಟು.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮ ದೊಡ್ಡಬಳ್ಳಾಪುರ ಸೀಮೆಯನ್ನು ಹಾದು ಹೆಸರಘಟ್ಟ ಸೇರುತ್ತದೆ. 1890ರ ದಶಕದಲ್ಲಿ ಅಲ್ಲಿಂದ ಬೆಂಗಳೂರಿಗೆ ಕೊಳಾಯಿ ನೀರು ಹೋಯಿತು. ಅದು ಸಾಲದೆ 1933ರಲ್ಲಿ ಕೆಳಗಡೆ ತಿಪ್ಪಗೊಂಡನಹಳ್ಳಿಯಲ್ಲಿ ಅದೇ ಹೊಳೆಯ ನೀರಿಗೆ ಇನ್ನೊಂದು ಕಟ್ಟೆ ಎದ್ದಿತು.

ಆಮೇಲೆ ಎರಡನೆಯ ಮಹಾಯುದ್ಧ. 1940ರಲ್ಲಿ ವಿಮಾನ ಕಾರ್ಖಾನೆ ಬಂತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. 1941ರಲ್ಲಿ ಸುಮಾರು 4 ಲಕ್ಷ ಜನರಿದ್ದ ಬೆಂಗಳೂರಿನಲ್ಲಿ 1951ಕ್ಕೆ ಸುಮಾರು 7 ಲಕ್ಷ 80 ಸಾವಿರ ಜನರಾದರು. ಹತ್ತು ವರ್ಷದಲ್ಲಿ ಒಂದು ಬೆಂಗಳೂರಿನ ಪಕ್ಕ ಇನ್ನೊಂದು ಬೆಂಗಳೂರೇ ಬಂದು ಕೂತ ಹಾಗಾಯಿತು!

ದೇಶದಲ್ಲಿ ಅದು ಯೋಜನೆಗಳ ಕಾಲ. 1951ರ ಮೊದಲನೆಯ ಪಂಚವಾರ್ಷಿಕ ಯೋಜನೆ ಬೇಸಾಯ, ನೀರಾವರಿಗೆ ಒತ್ತು ಕೊಟ್ಟಿತು. 1956ರ ಎರಡನೆಯದು ಭಾರಿ ಕೈಗಾರಿಕೆಗೆ. 1961ರ ಮೂರನೆಯದು ಬೆಳೆಯುವ ಪಟ್ಟಣಗಳಿಗೆ ಮಾಸ್ಟರ್ ಪ್ಲಾನ್ ಬೇಕೆಂದಿತು. ಅದೇ ವರ್ಷ ಮೈಸೂರು ರಾಜ್ಯದಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾಯಿದೆಯಾಯಿತು. ಕಾಯಿದೆಯ ಹೆಸರಿನಲ್ಲಿ ಗ್ರಾಮವೂ ಇತ್ತು. ಆದರೆ ಪಟ್ಟಣದ ನಕ್ಷೆಯಲ್ಲಿ ರಸ್ತೆ, ಬಡಾವಣೆ, ಕಾರ್ಖಾನೆಗೆ ಸಿಕ್ಕಷ್ಟು ಜಾಗ, ನೀರು ಹರಿದುಬರುವ ಹಳ್ಳಿಯ ಕಾಲುವೆಗೆ ಸಿಗಲಿಲ್ಲ.

ಪಟ್ಟಣಕ್ಕೆ ದಾಹ ಹೆಚ್ಚಿತು; 1974ರಲ್ಲಿ ಕಾವೇರಿ ನೀರು ತರಿಸಿಕೊಂಡಿತು. ಇತ್ತ ಕೊಳವೆಬಾವಿಗಳು ಹೆಚ್ಚಿ, ನೀಲಗಿರಿ ತೋಪುಗಳು ಹಬ್ಬಿ, ಕಾಲುವೆಗಳು ಒತ್ತುವರಿಯಾಗಿ ಅರ್ಕಾವತಿ ಸೊರಗಿತು. ಪಟ್ಟಣ ನೂರು ಕಿಲೋಮೀಟರಿನಾಚೆಯಿಂದ ನೀರೆತ್ತಬಲ್ಲದು. ನಮ್ಮ ರಾಗಿ ಹೊಲ ಎತ್ತಲಾರದು. ಇದರಲ್ಲಿ ಪಟ್ಟಣದ ಪಾಲೂ ಇದೆ, ನಮ್ಮ ಪಾಲೂ ಇದೆ.

ಹಾಗಾದರೆ ದಾರಿ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಪಂಚಾಯಿತಿಯ ಯೋಜನೆಯನ್ನೂ ಪಟ್ಟಣದ ಯೋಜನೆಯನ್ನೂ ಜಿಲ್ಲಾ ಯೋಜನಾ ಸಮಿತಿಯಲ್ಲಿ ಒಟ್ಟುಗೂಡಿಸಬೇಕೆಂದು ಹೇಳುತ್ತದೆ. ನಿಮ್ಮೂರ ಕೆರೆ, ಕಾಲುವೆ, ಗುಂಡುತೋಪುಗಳು ಆ ಕಾಗದಕ್ಕೆ ಏರಬೇಕಾದರೆ ಮೊದಲು ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಹೇಳಬೇಕು. ಮಳೆಗಾಲಕ್ಕೆ ಮುಂಚೆ ಹೊಲದ ಬದು ಸರಿಮಾಡಿಕೊಳ್ಳಿ. ಗ್ರಾಮಸಭೆ ಕರೆದ ದಿನ ಬಿಡುವು ಮಾಡಿಕೊಂಡು ಹೋಗಿ. ಬರೆಸದೆ ಬಿಟ್ಟ ಕಾಲುವೆ, ನಾಳೆ ಯಾರದೋ ನಿವೇಶನ.